ಕೋಡಿ ಬಿದ್ದ ರಾತ್ರಿ

ಚಿಕ್ಕಂದಿನಲ್ಲಿ ನಮಗೆ ಜಾತ್ರೆಗಿಂತ ದೊಡ್ಡ ಸಂಭ್ರಮ ಅಂದರೆ ಕೆರೆ ಕೋಡಿ ಬೀಳುವುದು. ಜಾತ್ರೆ ವರ್ಷಕ್ಕೊಮ್ಮೆ ಬಂದೇ ಬರುತ್ತೆ. ಕೋಡಿ ಹಾಗಲ್ಲ. ಮೂರು ವರ್ಷ ಬೀಳದೆ ಹೋದದ್ದೂ ಉಂಟು. ಯಲಹಂಕದ ವಾಯುಸೇನೆ ವಿಮಾನ ದಿನಾ ತಲೆ ಮೇಲೆ ಹಾರುತ್ತಿತ್ತು. ಅದು ನಮಗೆ ಮಾಮೂಲು. ಕೋಡಿ ಅಂದರೆ ಮಾತ್ರ ಓಟ.

ನಮ್ಮದು ಯಲಹಂಕದ ಮಗ್ಗುಲಿನ ಸಣ್ಣ ಊರು. ಈಗ ಅದು ನಗರದೊಳಗೆ ಸೇರಿಹೋಗಿದೆ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಕೆರೆ ಕೆಳಗೆ ಭತ್ತ, ಹೊಲದಲ್ಲಿ ರಾಗಿ-ಅವರೆ, ಬಾವಿ ಇದ್ದವರಿಗೆ ತರಕಾರಿ, ದ್ರಾಕ್ಷಿ. ನಮ್ಮ ಕಡೆ ನಾಲೆ ನೀರಿಲ್ಲ, ಇರುವುದು ಒಂದರ ಕೆಳಗೊಂದು ಕೆರೆ. ಯಲಹಂಕ ಕೆರೆ ತುಂಬಿದರೆ ಹೆಚ್ಚಿನ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ. ನಮ್ಮದೂ ಇಂಥದೇ ಸಾಲಿನ ಒಂದು ಕೆರೆ. ಮೇಲಿನ ಊರಿನ ಕೋಡಿ ಬಿದ್ದ ಸುದ್ದಿ ಬಂದರೆ ನಾವು ದಿನ ಎಣಿಸುತ್ತಿದ್ದೆವು.

ನನಗಾಗ ಹತ್ತು ವರ್ಷವಿರಬಹುದು. ಹಿಂಗಾರು ಮಳೆ ಬಿಡದೆ ಹಿಡಿದಿತ್ತು. ಕೋಡಿಗೆ ಇನ್ನು ಗೇಣುದ್ದ ಬಾಕಿ. ನಡುರಾತ್ರಿ ನೀರಗಂಟಿ ಬಾಗಿಲು ಬಡಿದ. ‘ಏರಿ ಸೋರ್ತೈತೆ, ಎದ್ದೇಳ್ರಪ್ಪೋ!’

ಏರಿ ಬುಡದಲ್ಲಿ ಬೆರಳ ದಪ್ಪ ನೀರು ಬರುತ್ತಿತ್ತು. ಲಾಟೀನು ಹಿಡಿಯುವ ಕೆಲಸ ನನ್ನದು. ನೀರಗಂಟಿ ಅದನ್ನು ಬೊಗಸೆಯಲ್ಲಿ ಹಿಡಿದು ಬೆಳಕಿಗೆ ನೋಡಿದ. ತಿಳಿನೀರು ಜಿನುಗಿದರೆ ಅಷ್ಟು ಭಯವಿಲ್ಲ. ಕೆಂಪಗೆ ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಅಂತ ಲೆಕ್ಕ. ಬೊಗಸೆ ನೀರು ಕೆಂಪಗಿತ್ತು.

ನೀರು ಹೊರಗೆ ಬರುವ ಕಡೆ ಮಣ್ಣು ಮೆತ್ತಿದರೆ ನಿಲ್ಲುವುದಿಲ್ಲ. ಒಳಗಡೆ ಎಲ್ಲಿ ಹೊಗುತ್ತಿದೆ ಅಂತ ಹುಡುಕಬೇಕು. ಅದಕ್ಕೆ ನೀರಗಂಟಿ ಒಂದು ಮಂಕರಿ ರಾಗಿ ಹೊಟ್ಟು ತರಿಸಿ ಏರಿ ಉದ್ದಕ್ಕೂ ನೀರಿನ ಮೇಲೆ ಎರಚಿದ. ಒಂದು ಕಡೆ ಹೊಟ್ಟು ಸುತ್ತಿ ಸುತ್ತಿ ಒಳಗೆ ಹೋಯಿತು. ಅಲ್ಲೇ ತೂತು. ಏಡಿ ಬಿಲವಂತೆ. ಓದದ ಆ ಮನುಷ್ಯನ ಈ ಉಪಾಯ ನನಗೆ ಇವತ್ತಿಗೂ ಬೆರಗು.

ಬಿಲಕ್ಕೆ ತುರುಕಲು ಹುಲ್ಲು ಬೇಕು. ಏರಿಗೆ ಹತ್ತಿರವಿದ್ದದ್ದು ನಮ್ಮ ಮೆದೆ. ಹೊಸ ರಾಗಿ ಕೊಯ್ಲಿಗೆ ಇನ್ನೂ ಒಂದು ತಿಂಗಳಿತ್ತು. ಉಳಿದ ಹಳೇ ಹುಲ್ಲೇ ನಾಲ್ಕು ದನಕ್ಕೆ ಆಧಾರ. ಅವ್ವ ಅಡ್ಡ ನಿಂತಳು. ‘ಹೊಸ ಹುಲ್ಲು ಬರೋ ತಂಕ ದನಕ್ಕೇನು ಹಾಕೋದು?’ ಅಪ್ಪ ಹೊರೆ ಕಟ್ಟುತ್ತಲೇ ಹೇಳಿದ್ದು: ‘ಏರಿ ಹೋದ್ರೆ ದನಾನೂ ಇರಕ್ಕಿಲ್ಲ, ಹುಲ್ಲೂ ಇರಕ್ಕಿಲ್ಲ.’

ಹೊರೆಗೆ ಕಲ್ಲು ಕಟ್ಟಿ ಮುಳುಗಿಸಿದರು. ಈಜು ಬಲ್ಲ ಇಬ್ಬರು ಕಾಲಲ್ಲಿ ಮೆಟ್ಟಿದರು. ಹೆಂಗಸರು ಮಂಕರಿಯಲ್ಲಿ ಜೇಡಿಮಣ್ಣು ತಂದು ಸುರಿದರು. ಮನೆಗೊಬ್ಬ ಆಳು ಬರಬೇಕೆಂಬುದು ಕಟ್ಟಳೆ. ಆ ರಾತ್ರಿ ಹಸುಗೂಸು ಬಿಟ್ಟು ಯಾರೂ ಮನೆಯಲ್ಲಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಬುಡದ ನೀರು ತಿಳಿಯಾಯಿತು, ಆಮೇಲೆ ನಿಂತಿತು.

ಬೆಳಗಾಗುತ್ತಲೇ ಕೋಡಿ ಬಿತ್ತು. ರಾತ್ರಿ ಹೆದರಿದ್ದ ಹುಡುಗರೆಲ್ಲ ಅಲ್ಲೇ. ಹರಿಯುವ ನೀರಿಗೆ ಎದುರಾಗಿ ಮೀನು ಹಾರುತ್ತಿದ್ದವು. ಪಂಚೆ, ಮಂಕರಿ, ಕೊನೆಗೆ ಸ್ಕೂಲಿನ ಚೀಲದಲ್ಲೂ ಹಿಡಿದೆವು. ಚೀಲದ ವಾಸನೆಗೆ ಮೇಷ್ಟ್ರ ಕೈಲಿ ಏಟು ತಿಂದದ್ದು ಬೇರೆ ಕತೆ. ಮಧ್ಯಾಹ್ನ ಕೋಡಿ ಕಲ್ಲಿಗೆ ಅರಿಶಿಣ ಕುಂಕುಮ ಹಚ್ಚಿ, ಗಂಗಮ್ಮನಿಗೆ ಕಾಯಿ ಒಡೆದರು.

ನಮ್ಮ ದನಕ್ಕೆ ಆ ತಿಂಗಳು ಬದುವಿನ ಹುಲ್ಲು, ಹಲಸಿನ ಸೊಪ್ಪೇ ಗತಿ. ಕರೆಯುವ ಹಸು ಹಾಲು ಇಳಿಸಿತು. ಸುಗ್ಗಿ ಕಳೆದ ಮೇಲೆ ಮನೆಗೊಂದರಂತೆ ಹುಲ್ಲಿನ ಹೊರೆ ನಮ್ಮ ಹಿತ್ತಲಿಗೆ ಬಂತು. ಯಾರೂ ಕೇಳಿರಲಿಲ್ಲ. ಅವ್ವ ಮಾತ್ರ ಎಣಿಸಿ, ಎರಡು ಮನೆಯದು ಬಂದಿಲ್ಲ ಅಂತ ಬಹಳ ವರ್ಷ ಹೇಳುತ್ತಿದ್ದಳು.

ಆ ಕೆರೆ ಅಂಗಳದಲ್ಲಿ ಈಗ ಮನೆಗಳಿವೆ. ಜಕ್ಕೂರು ಕೆರೆ ಉಳಿದಿದೆ. ಅದಕ್ಕೆ ಮಳೆ ನೀರಿನ ಜೊತೆ ಶುದ್ಧೀಕರಿಸಿದ ಕೊಳಚೆ ನೀರೂ ಬರುತ್ತದೆ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಬಿತ್ತು. ನೀರು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನುಗ್ಗಿ, ಜನರನ್ನು ದೋಣಿ, ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ ಕತೆ. ಕೋಡಿ ನೀರಿಗೆ ಸಾಲುವಷ್ಟು ದಾರಿ ಇಲ್ಲದಿದ್ದರೆ ಅದು ಮನೆಯೊಳಗೇ ಹೋಗಬೇಕು.

ನಿಮ್ಮೂರಲ್ಲಿ ಕೆರೆ ಉಳಿದಿದ್ದರೆ ಬೇಸಿಗೆಯಲ್ಲೇ ಒಮ್ಮೆ ಏರಿ ಮೇಲೆ ನಡೆದು ನೋಡಿ. ಏಡಿ, ಇಲಿ ಬಿಲ ಕಂಡರೆ ಅಗೆದು ಜೇಡಿಮಣ್ಣು ತುಂಬಿ ಗುದ್ದಿಸಿ. ಏರಿ ಮೇಲೆ ಹುಟ್ಟಿದ ಗಿಡವನ್ನು ಎಳೆಯದಿರುವಾಗಲೇ ಕೀಳಿಸಿ. ಮರವಾದ ಮೇಲೆ ಕಡಿದರೆ ಒಳಗೆ ಬೇರು ಕೊಳೆತು ಅದೇ ನೀರಿಗೆ ದಾರಿಯಾಗುತ್ತದೆ. ಕೋಡಿ ಹಳ್ಳದ ಹೂಳನ್ನೂ ಅದೇ ದಿನ ತೆಗೆಸಿಬಿಡಿ.