ಪಾಶ್ಚಾತ್ಯ ಕಲೆಯ ಚರಿತ್ರೆಯನ್ನು ಅಭ್ಯಸಿಸುವ ಕ್ರಮ

ಕಲೆಯ ಚರಿತ್ರೆಯನ್ನು ಕಲಿತು ಹೆಣ್ಣುಮಕ್ಕಳಿಗೆ ಆಗತಕ್ಕ ಲಾಭವೇನೆಂದು ಪಾಲಕರು ಕೇಳುವದುಂಟು. ಪ್ರಶ್ನೆಯು ಯೋಗ್ಯವಾದದ್ದೇ. ಚಿತ್ರಕಾರರ ಹೆಸರುಗಳನ್ನೂ ಇಸವಿಗಳನ್ನೂ ಬಾಯಿಪಾಠ ಮಾಡುವದಷ್ಟೇ ಈ ಅಭ್ಯಾಸವಾದರೆ ಲಾಭವು ಸ್ವಲ್ಪವೇ. ಆದರೆ ಒಂದು ವಸ್ತುವನ್ನು ಕಂಡಾಗ, ಇದು ಯಾವ ಕಾಲದ್ದು, ಯಾತರಿಂದ ಆದದ್ದು, ಯಾರು ಯಾರಿಗೋಸ್ಕರ ಮಾಡಿದ್ದು ಎಂದು ಕೇಳುವ ರೂಢಿಯು ಬಂದರೆ, ಅದು ಜನ್ಮಪರ್ಯಂತ ಉಳಿಯುವ ವಿದ್ಯೆಯಾಗುವದು. ಯುರೋಪಿನ ಕಲಾಕೃತಿಗಳು ನಮಗೆ ಬಹುಶಃ ಪುಸ್ತಕದ ಚಿಕ್ಕ ಚಿತ್ರಗಳಲ್ಲಿಯೇ ಕಾಣುವವು. ಅವುಗಳನ್ನು ತಿಳಿಯಲು ಬೇಕಾದ ಅಳತೆಗೋಲು ಮಾತ್ರ ಬಾಗಲಕೋಟೆಯ ಸೀಮೆಯಲ್ಲಿಯೇ ಇರುವದು.

ಮೊದಲು ಇತಿಹಾಸಪೂರ್ವ ಕಾಲ. 1879ರಲ್ಲಿ ಸ್ಪೇನ್ ದೇಶದ ಅಲ್ತಮಿರಾ ಗವಿಯಲ್ಲಿ ಸಾವುತುವೊಲಾ ಎಂಬವರು ನೆಲವನ್ನು ಅಗೆದು ಶಿಲಾಯುಗದ ವಸ್ತುಗಳನ್ನು ಹುಡುಕುತ್ತಿರಲು, ಅವರ ಎಂಟು ವರ್ಷದ ಮಗಳು ಮರಿಯಾ ತಲೆಯೆತ್ತಿ ನೋಡಿ, ಮಾಳಿಗೆಯ ಬಂಡೆಯ ಮೇಲೆ ಕಾಡುಪಶುಗಳ ಚಿತ್ರಗಳನ್ನು ಕಂಡಳು. ಪಂಡಿತರು ಬಹುಕಾಲ ಅದನ್ನು ನಂಬಲಿಲ್ಲ. 1902ರ ಸುಮಾರಿಗೆ ಒಪ್ಪಿಕೊಂಡರು. ನಮ್ಮ ಬಾದಾಮಿಯ ಸಮೀಪದ ಸಿಡಿಲಫಡಿಯ ಬಂಡೆಯಾಸರೆಯಲ್ಲಿಯೂ ಪುರಾತನ ವರ್ಣಚಿತ್ರಗಳಿವೆ. ಆದರೆ ಹೋಲಿಕೆಯನ್ನು ಕಂಡ ಮಾತ್ರಕ್ಕೆ ಸಂಬಂಧವನ್ನಾಗಲಿ ಸಮಕಾಲೀನತೆಯನ್ನಾಗಲಿ ಕಲ್ಪಿಸಲಾಗದು. ಇದೇ ಈ ಶಾಸ್ತ್ರದ ಮೊದಲನೆಯ ನಿಯಮ.

ಎರಡನೆಯದು ಕಾಲನಿರ್ಣಯ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆ. ಅದರ ಶಕವರ್ಷವು ಕ್ರಿ. ಶ. 578ಕ್ಕೆ ಸರಿಯಾಗುತ್ತದೆ. ಇಂಥ ತಿಥಿಯುಳ್ಳ ಕೃತಿಯು ಮೈಲುಗಲ್ಲಿನಂತೆ. ತಿಥಿಯಿಲ್ಲದವುಗಳನ್ನು ಇದರೊಡನೆ ಹೋಲಿಸಿ ಹಿಂದುಮುಂದನ್ನು ಗೊತ್ತುಪಡಿಸುವರು. ಅದೇ ಶತಮಾನದಲ್ಲಿ, 547ರಲ್ಲಿ, ಇಟಲಿಯ ರವೆನ್ನಾದಲ್ಲಿ ಸಂತ ವಿತಾಲೆಯ ದೇವಾಲಯವು ಪ್ರತಿಷ್ಠಿತವಾಯಿತು. ಅಲ್ಲಿ ಬಣ್ಣದ ಗಾಜಿನ ಚೂರುಗಳನ್ನು ಕೂಡಿಸಿ ಚಿತ್ರವನ್ನು ಕಟ್ಟಿದರು. ಇಲ್ಲಿ ಬಂಡೆಯನ್ನು ಕಡೆದು ತೆಗೆದು ಮೂರ್ತಿಯನ್ನು ಹೊರತಂದರು. ಒಂದು ಕೂಡಿಸುವ ಕಲೆ, ಇನ್ನೊಂದು ಕಳೆಯುವ ಕಲೆ.

ಮುಂದೆ ಸುಮಾರು 1305ರಲ್ಲಿ ಜೊತ್ತೊ ಎಂಬ ಚಿತ್ರಕಾರನು ಪಾದುವಾದಲ್ಲಿ ಹಸಿಯ ಸುಣ್ಣದ ಗಾರೆಯ ಮೇಲೆ ಚಿತ್ರಿಸಿದನು. ಗಾರೆಯು ಒಣಗುವಾಗ ಬಣ್ಣವು ಗೋಡೆಯೊಡನೆ ಒಂದಾಗುವದು. ಹದಿನೈದನೆಯ ಶತಮಾನದಲ್ಲಿ ಫ್ಲಾರೆನ್ಸಿನ ಬ್ರುನೆಲ್ಲೆಸ್ಕಿಯು, ದೂರ ಹೋಗುವ ಸಮಾಂತರ ರೇಖೆಗಳು ಕಣ್ಣಿಗೆ ಒಂದು ಬಿಂದುವಿನಲ್ಲಿ ಕೂಡುವಂತೆ ತೋರುವದನ್ನು ಚಿತ್ರದಲ್ಲಿ ಸಾಧಿಸಿ ತೋರಿಸಿದನು. ಪಡಸಾಲೆಯ ತುದಿಯಲ್ಲಿ ನಿಂತು ಕಂಬಗಳ ಸಾಲನ್ನು ನೋಡಿದರೆ ಯಾರಿಗಾದರೂ ಇದು ತಿಳಿಯುವದು.

ಮೂರನೆಯದು, ಮಾಡಿದವರು ಯಾರು ಎಂಬದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಇಬ್ಬರ ಹೆಸರೂ ಕಲ್ಲಿನಲ್ಲಿ ಉಳಿದಿವೆ. ಇಟಲಿಯಲ್ಲಿ ವಸಾರಿಯು ಕಲಾವಿದರ ಚರಿತ್ರೆಗಳ ಗ್ರಂಥವನ್ನು ಪ್ರಕಟಿಸಿದ್ದು 1550ರಲ್ಲಿ.

ಇನ್ನು ಆಧುನಿಕ ಕಾಲ. 1919ರಲ್ಲಿ ಜರ್ಮನಿಯಲ್ಲಿ ಸ್ಥಾಪಿತವಾದ ಬೌಹೌಸ್ ಶಾಲೆಯು ಕಲೆಗೂ ಕಸಬಿಗೂ ಇದ್ದ ಗೋಡೆಯನ್ನು ಕೆಡವಲು ಯತ್ನಿಸಿತು. ಅಲ್ಲಿಯ ನೇಯ್ಗೆಯ ವಿಭಾಗದಲ್ಲಿ ಬಹುಪಾಲು ಸ್ತ್ರೀಯರೇ ಇದ್ದರು. ಆ ಶಾಲೆಯ ಕೃತಿಗಳು 1922ರಲ್ಲಿ ಕಲಕತ್ತೆಯಲ್ಲಿ ಪ್ರದರ್ಶಿತವಾದವು. ಅದಕ್ಕೆ ಕಾರಣಳಾದ ಸ್ಟೆಲ್ಲಾ ಕ್ರಾಮ್ರಿಶ್ ಎಂಬ ವಿದುಷಿಯೇ 1936ರಲ್ಲಿ ಬಾದಾಮಿಯ ಗುಹಾಚಿತ್ರಗಳನ್ನು ಕುರಿತು ಬರೆದಳು. ಹೀಗಿರಲು ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ಕೈಗಳನ್ನು ಕಲೆಯ ಚರಿತ್ರೆಯ ಹೊರಗಿಡುವದು ನ್ಯಾಯವಲ್ಲ.

ಬಾದಾಮಿಯ ಮೂರನೆಯ ಗುಹೆಯ ವರ್ಣಚಿತ್ರಗಳಲ್ಲಿ ಅಲ್ಪಭಾಗವೇ ಉಳಿದಿದೆ. ಹಳೆಯ ಬಂಡೆಯ ಮೇಲೆ ಹೆಸರು ಗೀಚುವವನಿಗೆ ಅದು ಬರಿಯ ಕಲ್ಲು. ಈ ಮೂರು ಪ್ರಶ್ನೆಗಳನ್ನು ಕೇಳಲು ಕಲಿತ ತಾಯಿಯು ತನ್ನ ಮಗುವಿನ ಕೈಯನ್ನು ಹಿಡಿದು ತಡೆಯುವಳು; ತಡೆದು, ಏಕೆಂಬದನ್ನೂ ತಿಳಿಸಿಹೇಳುವಳು. ಪಾಲಕರು ಕೇಳುವ ಲಾಭವು ಇದೇ.