ಕಾಫಿ ಸೀಮೆಯ ಬದುಕು ಮತ್ತು ಮನಸ್ಸಿನ ಒತ್ತಡ

ಅಪಾಯ ಎದುರಾದಾಗ, ಇಲ್ಲವೇ ಹೊರಲಾರದಷ್ಟು ಹೊಣೆ ಮೇಲೆ ಬಿದ್ದಾಗ ಅದನ್ನು ನಿಭಾಯಿಸಲು ದೇಹ ಮತ್ತು ಮನಸ್ಸು ಸಜ್ಜಾಗುವ ಸ್ಥಿತಿಯೇ ಒತ್ತಡ. ಚಳಿ, ಗಾಯ, ಅತಿಯಾದ ದಣಿವು ಹೀಗೆ ಕಾರಣ ಯಾವುದೇ ಇದ್ದರೂ ಇಲಿಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳಾಗುತ್ತವೆ ಎಂದು ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ತೋರಿಸಿದರು. ಒತ್ತಡದ ಆಧುನಿಕ ಅಧ್ಯಯನಕ್ಕೆ ಅದೇ ಬುನಾದಿ.

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಸುತ್ತಿನ ತೋಟದಲ್ಲಿ ಸಂಜೆ ಕೆಲಸ ಮುಗಿಸಿ ಹೊರಟವರಿಗೆ ಕಾಡಾನೆ ಎದುರಾದರೆ ದೇಹ ಯೋಚನೆಗೆ ಕಾಯುವುದಿಲ್ಲ. ಮಿದುಳಿನ ಹೈಪೋಥಲಾಮಸ್‌ನಿಂದ ಹೊರಟ ಸಂದೇಶ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪಿ, ಕ್ಷಣಾರ್ಧದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಬಾಯಿ ಒಣಗುತ್ತದೆ, ರಕ್ತ ಕೈಕಾಲಿನ ಸ್ನಾಯುಗಳತ್ತ ನುಗ್ಗುತ್ತದೆ. ಅದರ ಹಿಂದೆಯೇ ಸ್ರವಿಸುವ ಕಾರ್ಟಿಸಾಲ್ ಹಾರ್ಮೋನು ಸುಮಾರು 20–30 ನಿಮಿಷಗಳಲ್ಲಿ ಗರಿಷ್ಠ ಮಟ್ಟ ಮುಟ್ಟಿ, ದೇಹಕ್ಕೆ ಬೇಕಾದ ಸಕ್ಕರೆಯನ್ನು ರಕ್ತಕ್ಕೆ ಒದಗಿಸುತ್ತದೆ. ಆನೆ ದೂರವಾದ ಮೇಲೆ ಇವೆಲ್ಲ ಮೆಲ್ಲಗೆ ಇಳಿಯುತ್ತವೆ. ಈ ಒತ್ತಡ ಜೀವ ಕಾಯುತ್ತದೆ.

ಇಳಿಯಬೇಕಾದದ್ದು ಇಳಿಯದೆ ಉಳಿದಾಗ ಕೆಡುಕು ಶುರುವಾಗುತ್ತದೆ. ಕಾಫಿ ಬೆಳೆಗಾರರಿಗೆ ಹೂಮಳೆ ಸಕಾಲಕ್ಕೆ ಬರುವುದೋ ಎಂಬ ಚಿಂತೆ ಮುಗಿಯುವಷ್ಟರಲ್ಲಿ ಮುಂಗಾರಿನ ಅತಿಮಳೆಗೆ ಕಾಯಿ ಉದುರುವ ಭಯ. ಕುಯ್ಲಿನ ಕಾಲದಲ್ಲಿ ಮೋಡ ಕಟ್ಟಿದರೆ ಕಣದಲ್ಲಿ ಹರಡಿದ ಕಾಫಿ ನೆನೆಯುವ ಆತಂಕ. ಬೆಲೆ ಏರಿಳಿದರೂ ಸಾಲದ ಕಂತು ನಿಲ್ಲದು. ಆನೆ ಬಂದ ದಿನ ತೋಟದ ಕೆಲಸ ನಿಂತರೆ ಕಾರ್ಮಿಕರ ಕೂಲಿಗೂ ಕುತ್ತು. ತಿಂಗಳುಗಟ್ಟಲೆ ಹೀಗೆಯೇ ಸಾಗಿದರೆ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಮತ್ತು ಸಕ್ಕರೆ ಏರಬಹುದು, ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಮರೆವು ಮತ್ತು ಸಿಡುಕು ಹೆಚ್ಚುತ್ತವೆ.

ಅಪಾಯಕ್ಕಿಂತಲೂ ಅದು ಯಾವಾಗ ಬರುವುದೋ ತಿಳಿಯದಿರುವುದು ಹೆಚ್ಚು ಹಾನಿಕರವಾಗಬಹುದು. 1970ರ ಸುಮಾರಿಗೆ ಅಮೆರಿಕದ ವಿಜ್ಞಾನಿ ಜೇ ವೈಸ್ ಇಲಿಗಳ ಎರಡು ಗುಂಪುಗಳಿಗೆ ಒಂದೇ ಪ್ರಮಾಣದ ವಿದ್ಯುತ್ ಆಘಾತ ನೀಡಿದರು. ಆಘಾತದ ಮುನ್ಸೂಚನೆ ಪಡೆದ ಗುಂಪಿನ ಇಲಿಗಳಲ್ಲಿ ಹೊಟ್ಟೆಹುಣ್ಣು ಬಹಳ ಕಡಿಮೆ ಇತ್ತು. ಸಕಲೇಶಪುರ–ಆಲೂರು ಭಾಗದಲ್ಲಿ ಆನೆಗಳ ಸುಳಿವನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುವ ವ್ಯವಸ್ಥೆ ಪ್ರಾಣ ಉಳಿಸುವುದರ ಜೊತೆಗೆ ಮನಸ್ಸಿನ ಭಾರವನ್ನೂ ಇಳಿಸಬಲ್ಲದು. ತಿಳಿಯಬಹುದಾದದ್ದನ್ನು ಮೊದಲೇ ತಿಳಿದುಕೊಳ್ಳುವುದು ಒತ್ತಡ ನಿರ್ವಹಣೆಯ ಮೊದಲ ಹೆಜ್ಜೆ. ಸಾಲ, ಖರ್ಚು, ಬರಬೇಕಾದ ಹಣವನ್ನು ಬರೆದಿಟ್ಟರೆ ಅಸ್ಪಷ್ಟ ಭಯ ಸ್ಪಷ್ಟ ಲೆಕ್ಕವಾಗುತ್ತದೆ.

ಎರಡನೆಯದು ದೇಹವನ್ನು ಶಾಂತಗೊಳಿಸುವುದು. ನಿಮಿಷಕ್ಕೆ ಸುಮಾರು ಆರು ಬಾರಿ, ಒಳಗೆಳೆದುದಕ್ಕಿಂತ ನಿಧಾನವಾಗಿ ಉಸಿರು ಬಿಟ್ಟರೆ ವೇಗಸ್ ನರ ಚುರುಕಾಗಿ ಎದೆಬಡಿತ ತಗ್ಗುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಕುಡಿದ ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಹಿಡಿಯುವುದರಿಂದ ಸಂಜೆಯ ಕಾಫಿ ಬಿಡುವುದು ಲೇಸು. ಮದ್ಯ ಬೇಗ ನಿದ್ದೆ ಹತ್ತಿಸಿದರೂ ನಡುರಾತ್ರಿಯ ನಿದ್ದೆಯನ್ನು ಕೆಡಿಸುತ್ತದೆ.

ಮೂರನೆಯದು ಹೇಳಿಕೊಳ್ಳುವುದು. ಮನೆಯವರು, ನೆರೆಯವರು, ಸಂಘದ ಸದಸ್ಯರ ಜೊತೆ ಹಂಚಿಕೊಂಡ ಚಿಂತೆ ಹಗುರಾಗುತ್ತದೆ. ಎರಡು ವಾರ ಕಳೆದರೂ ನಿದ್ದೆ, ಹಸಿವು, ಕೆಲಸದ ಆಸಕ್ತಿ ಮರಳದಿದ್ದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.