ಮೆಮೊರಿ ಸೋರಿಕೆಯ ಕಾರಣಶೋಧನೆ: ಲಂಡನ್ ಆಂಬುಲೆನ್ಸ್ ಸೇವೆಯ ನಿದರ್ಶನ

1992ನೆಯ ಇಸವಿ ನವೆಂಬರ್ 4ರ ರಾತ್ರಿ ಎರಡು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ, ಲಂಡನ್ ಆಂಬುಲೆನ್ಸ್ ಸೇವೆಯ ನಿಯಂತ್ರಣ ಕೊಠಡಿಯಲ್ಲಿದ್ದ ಕಂಪ್ಯೂಟರ್ ವ್ಯವಸ್ಥೆಯು ಮೊದಲು ನಿಧಾನಗೊಂಡು, ಅನಂತರ ಸಂಪೂರ್ಣವಾಗಿ ನಿಂತುಹೋಯಿತು. ಇದಕ್ಕೆ ಒಂಬತ್ತು ದಿನಗಳ ಹಿಂದೆ, ಅಕ್ಟೋಬರ್ 26 ಮತ್ತು 27ರಂದು, ಅದೇ ವ್ಯವಸ್ಥೆಯಿಂದ ಇನ್ನೂ ದೊಡ್ಡ ಅನಾಹುತವೊಂದು ಒದಗಿತ್ತು. ಈ ಎರಡನ್ನೂ ಒಂದೇ ಘಟನೆಯೆಂದು ಭಾವಿಸಿ, ಎಲ್ಲಕ್ಕೂ ಮೆಮೊರಿ ಸೋರಿಕೆಯೇ ಕಾರಣವೆಂದು ಹೇಳುವುದನ್ನು ನಾವು ಆಗಾಗ ಕೇಳುತ್ತೇವೆ. 1993ರ ಫೆಬ್ರವರಿಯಲ್ಲಿ ಪ್ರಕಟವಾದ ವಿಚಾರಣಾ ವರದಿಯನ್ನು ಗಮನವಿಟ್ಟು ಓದಿದವರಿಗೆ ಈ ಮಾತು ನಿಲ್ಲತಕ್ಕದ್ದಲ್ಲವೆಂಬುದು ವಿದಿತವಾಗುತ್ತದೆ. ಸೋರಿಕೆಯ ಕಾರಣವನ್ನು ಹುಡುಕುವಾಗ ಮನುಷ್ಯರು ಎಲ್ಲಿ ದಾರಿ ತಪ್ಪುತ್ತಾರೆಂಬುದಕ್ಕೆ ಈ ಗೊಂದಲವೇ ಒಳ್ಳೆಯ ಉದಾಹರಣೆಯಾದುದರಿಂದ, ಅದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಯುಕ್ತವೆಂದು ತೋರುತ್ತದೆ.

ಮೊದಲು ಸೋರಿಕೆಯೆಂದರೇನೆಂಬುದನ್ನು ತಿಳಿಯೋಣ. ಜಾಲದಲ್ಲಿರುವ ಇತರ ಯಂತ್ರಗಳಿಂದ ಬರುವ ಕೋರಿಕೆಗಳಿಗೆ ಉತ್ತರ ಕೊಡುತ್ತ ಹಗಲಿರುಳೂ ನಡೆಯುವ ಪ್ರೋಗ್ರಾಮನ್ನು ಸರ್ವರ್ ಎನ್ನುತ್ತಾರೆ. ಪ್ರತಿಯೊಂದು ಕೋರಿಕೆಗೂ ಅದು ಯಂತ್ರದ ಮೆಮೊರಿಯಲ್ಲಿ ಅಷ್ಟಿಷ್ಟು ಜಾಗವನ್ನು ಪಡೆದು, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು. ಹಿಂದಿರುಗಿಸಲು ಮರೆತರೆ ಆ ಜಾಗ ಯಾರಿಗೂ ಉಪಯೋಗವಿಲ್ಲದೆ ಹಾಗೆಯೇ ಉಳಿಯುತ್ತದೆ. ಗ್ರಂಥಾಲಯದಿಂದ ಎರವಲು ಹೋಗಿ ಮರಳದ ಪುಸ್ತಕದಂತೆ. ಜಾವಾ, ಪೈಥಾನ್ ಮೊದಲಾದ ಭಾಷೆಗಳಲ್ಲಿ ಈ ಹಿಂದಿರುಗಿಸುವ ಕಾರ್ಯವು ತಾನಾಗಿಯೇ ನಡೆಯುವುದಾದರೂ, ಇನ್ನು ಬೇಡವಾದ ವಸ್ತುವಿನ ಹೆಸರು ಯಾವುದಾದರೊಂದು ಪಟ್ಟಿಯಲ್ಲಿ ಉಳಿದುಬಿಟ್ಟರೆ ಅಲ್ಲಿಯೂ ಸೋರಿಕೆ ತಪ್ಪಿದ್ದಲ್ಲ.

ಇನ್ನು ಲಂಡನ್ನಿನ ವಿಷಯ. ಅಕ್ಟೋಬರ್ 26ರಂದು ಹೊಸ ವ್ಯವಸ್ಥೆಯು ಪೂರ್ಣವಾಗಿ ಬಳಕೆಗೆ ಬಂದಾಗ, ವಾಹನಗಳು ಎಲ್ಲಿವೆಯೆಂಬ ಮಾಹಿತಿ ಸರಿಯಾಗಿ ದೊರೆಯದೆ, ಎಚ್ಚರಿಕೆಯ ಸಂದೇಶಗಳು ರಾಶಿ ಬಿದ್ದು, ಕೆಲಸವೆಲ್ಲ ಅಸ್ತವ್ಯಸ್ತವಾಯಿತು. ಆದರೆ ಆ ಎರಡು ದಿನಗಳಲ್ಲಿ ಕಂಪ್ಯೂಟರು ತಾಂತ್ರಿಕವಾಗಿ ಕೆಟ್ಟಿರಲಿಲ್ಲವೆಂದು ವರದಿಯು ಸ್ಪಷ್ಟವಾಗಿ ಹೇಳುತ್ತದೆ, ದೋಷವಿದ್ದುದು ಯೋಜನೆಯಲ್ಲಿ. 27ರ ಮಧ್ಯಾಹ್ನದಿಂದ ಮುಂದೆ ಕರೆಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸಿ, ಕಾಗದದ ಮೇಲೆ ಅಚ್ಚುಮಾಡಿಕೊಂಡು, ಯಾವ ವಾಹನವನ್ನು ಕಳುಹಿಸಬೇಕೆಂಬುದನ್ನು ಸಿಬ್ಬಂದಿಯೇ ನಿರ್ಧರಿಸುವ ಪದ್ಧತಿಗೆ ಮರಳಲಾಯಿತು. ನವೆಂಬರ್ 4ರಂದು ನಿಂತದ್ದು ಈ ಅರ್ಧಾಂಶದ ವ್ಯವಸ್ಥೆ. ಸಿಬ್ಬಂದಿಯವರು ತಮಗೆ ಹೇಳಿಕೊಟ್ಟಿದ್ದಂತೆ ಯಂತ್ರಗಳನ್ನು ಆರಿಸಿ ಹಚ್ಚಿದರು; ಫಲವಾಗಲಿಲ್ಲ. ನೆರವಿಗಿದ್ದ ಎರಡನೆಯ ಸರ್ವರೂ ಕೆಲಸವನ್ನು ವಹಿಸಿಕೊಳ್ಳಲಿಲ್ಲ. ಅದನ್ನು ಪೂರ್ಣ ವ್ಯವಸ್ಥೆಗೆಂದು ಸಿದ್ಧಪಡಿಸಿದ್ದರೇ ಹೊರತು, ಕಾಗದದ ಮೇಲೆ ಅಚ್ಚುಮಾಡುವ ಈ ಪದ್ಧತಿಯಲ್ಲಿ ಸರ್ವರ್ ನಿಂತರೆ ಏನಾದೀತೆಂದು ಯಾರೂ ಪರೀಕ್ಷಿಸಿರಲಿಲ್ಲ. ಕಡೆಗೆ ಧ್ವನಿಮುದ್ರಣದ ಟೇಪುಗಳನ್ನು ಕೇಳಿ, ಯಾವ ಕರೆಯೂ ಬಿಟ್ಟುಹೋಗಿಲ್ಲವೆಂದು ಖಚಿತಪಡಿಸಿಕೊಂಡು, ಪೂರ್ತಿಯಾಗಿ ಕಾಗದ ಮತ್ತು ದೂರವಾಣಿಯ ಹಳೆಯ ಪದ್ಧತಿಗೆ ಹಿಂದಿರುಗಿದರು. ಅಪರಾತ್ರಿಯಾದುದರಿಂದ ಕರೆಗಳು ಕಡಮೆಯಿದ್ದುದು ಒಂದು ಭಾಗ್ಯ.

ಕಾರಣವೇನೆಂದರೆ: ಸುಮಾರು ಮೂರು ವಾರಗಳ ಹಿಂದೆ ಪ್ರೋಗ್ರಾಮರನೊಬ್ಬನು ಯಾವುದೋ ಕೆಲಸಕ್ಕಾಗಿ ಸೇರಿಸಿದ ಒಂದು ತುಣುಕನ್ನು ತೆಗೆಯದೆ ಬಿಟ್ಟಿದ್ದನು. ವಾಹನವೊಂದನ್ನು ಹೊರಡಿಸಿದಾಗಲೆಲ್ಲ ಆ ತುಣುಕು ಸರ್ವರಿನ ಮೆಮೊರಿಯಲ್ಲಿ ಸ್ವಲ್ಪವನ್ನು ತೆಗೆದುಕೊಂಡು ಹಿಂದಿರುಗಿಸುತ್ತಿರಲಿಲ್ಲ. ದಿನಾಂಕಗಳನ್ನು ಗಮನಿಸತಕ್ಕದ್ದು. ಮೂರು ವಾರ ಹಿಂದಕ್ಕೆ ಎಣಿಸಿದರೆ ನಾವು ಅಕ್ಟೋಬರ್ ಮಧ್ಯಭಾಗಕ್ಕೆ ಬರುತ್ತೇವೆ. ಎಂದರೆ ಕಾರಣವು ಜನರು ನೆನಪಿಟ್ಟುಕೊಂಡಿರುವ ಅನಾಹುತಕ್ಕಿಂತಲೂ ಹಿಂದಿನದು, ಪರಿಣಾಮವು ಅದಕ್ಕಿಂತ ಈಚಿನದು. ನಡುವೆ ಬಿದ್ದ ಆ ದೊಡ್ಡ ಗದ್ದಲಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಂದಿನ ದಿನ ಏನಾಯಿತೆಂದು ಮಾತ್ರ ಕೇಳುವವನಿಗೆ ಇಂತಹ ಕಾರಣ ಎಂದಿಗೂ ಸಿಕ್ಕುವುದಿಲ್ಲ.

ಸಾಮಾನ್ಯವಾದ ಪರೀಕ್ಷೆಗಳಿಂದ ಈ ದೋಷವು ಹೊರಬೀಳುವ ಸಂಭವ ಕಡಮೆಯೆಂದೂ ವರದಿಯು ಒಪ್ಪುತ್ತದೆ. ಲೆಕ್ಕ ಹಾಕಿ ನೋಡಬಹುದು. ಒಂದು ಕೆಲಸಕ್ಕೆ 200 ಬೈಟ್ ಸೋರುವುದೆಂದೂ, ದಿನಕ್ಕೆ 2,000 ಕೆಲಸಗಳೆಂದೂ ಊಹಿಸಿಕೊಳ್ಳೋಣ. ದಿನಕ್ಕೆ 4 ಲಕ್ಷ ಬೈಟ್, ಮೂರು ವಾರಕ್ಕೆ 84 ಲಕ್ಷ ಬೈಟ್ ಆಯಿತು. ಆ ಕಾಲದ ಯಂತ್ರಕ್ಕೆ ಇದು ಅಲ್ಪವಲ್ಲ. ಅದೇ, ಅರ್ಧ ಗಂಟೆಯ ಪರೀಕ್ಷೆಯಲ್ಲಿ ಐವತ್ತು ಕೆಲಸ ಮಾಡಿಸಿದರೆ ಸೋರುವುದು ಕೇವಲ 10,000 ಬೈಟ್. ಅದು ಯಾರ ಕಣ್ಣಿಗೆ ಬಿದ್ದೀತು?

ಆದಕಾರಣ ಶೋಧಕನು ಮೊದಲು ಮಾಡಬೇಕಾದುದು ದೀರ್ಘಕಾಲದ ಅಳತೆ. ಮೆಮೊರಿಯ ಬಳಕೆ ಏರಿತೆಂಬುದಷ್ಟೇ ಸೋರಿಕೆಗೆ ಸಾಕ್ಷಿಯಲ್ಲ. ಮತ್ತೆ ಬೇಕಾದೀತೆಂದು ಸರ್ವರು ಕೆಲವನ್ನು ಬೇಕೆಂದೇ ಇಟ್ಟುಕೊಂಡಿರುತ್ತದೆ. ಕೆಲಸವಿಲ್ಲದ ಹೊತ್ತಿನ ಮಟ್ಟವನ್ನು ದಿನದಿಂದ ದಿನಕ್ಕೆ ಹೋಲಿಸಿ, ಆ ತಳಮಟ್ಟವೇ ಏರುತ್ತಿದ್ದರೆ ಮಾತ್ರ ಸಂಶಯಪಡಬೇಕು. ಅನಂತರ ಆ ಏರಿಕೆಯು ಬರಿಯ ಕಾಲವನ್ನು ಅನುಸರಿಸುತ್ತದೆಯೋ, ಯಾವುದಾದರೊಂದು ಬಗೆಯ ಕೋರಿಕೆಯ ಸಂಖ್ಯೆಯನ್ನು ಅನುಸರಿಸುತ್ತದೆಯೋ ಎಂಬುದನ್ನು ಗೊತ್ತುಮಾಡಿಕೊಂಡರೆ ಹುಡುಕುವ ಕ್ಷೇತ್ರ ಬಹಳ ಕಿರಿದಾಗುತ್ತದೆ. ಆಮೇಲೆ ಮೆಮೊರಿಯಲ್ಲಿ ಏನೇನಿದೆಯೆಂಬುದರ ಚಿತ್ರವನ್ನು ಎರಡು ಬೇರೆ ಬೇರೆ ಸಮಯಗಳಲ್ಲಿ ತೆಗೆದು, ಎರಡನೆಯದರಲ್ಲಿ ಯಾವ ವಸ್ತುಗಳು ಹೆಚ್ಚಿವೆಯೆಂದು ನೋಡಬೇಕು. ಒಂದೇ ಚಿತ್ರದಿಂದ ಪ್ರಯೋಜನ ಅಲ್ಪ. ಸಿ ಭಾಷೆಯ ಪ್ರೋಗ್ರಾಮುಗಳಿಗೆ ವ್ಯಾಲ್‌ಗ್ರಿಂಡ್ ಎಂಬ ಸಾಧನವು, ಹಿಂದಿರುಗದ ಜಾಗವನ್ನು ಯಾವ ಸಾಲಿನಲ್ಲಿ ಪಡೆಯಲಾಯಿತೆಂಬುದನ್ನೇ ತಿಳಿಸುತ್ತದೆ. ಆದರೆ ಪ್ರೋಗ್ರಾಮಿನ ವೇಗವನ್ನು ಬಹಳವಾಗಿ ಕುಂದಿಸುವುದರಿಂದ, ನಡೆಯುತ್ತಿರುವ ಸರ್ವರಿಗಿಂತ ಪರೀಕ್ಷಾ ಯಂತ್ರಕ್ಕೆ ಅದು ಹೆಚ್ಚು ಒಪ್ಪುತ್ತದೆ.

ಎಲ್ಲವೂ ಸುಗಮವಾಗಿರುವಾಗ ಸೋರದೆ, ಕೆಟ್ಟಾಗ ಮಾತ್ರ ಸೋರುವ ಪ್ರೋಗ್ರಾಮುಗಳೂ ಉಂಟು. 2012ರ ಅಕ್ಟೋಬರ್ 22ರಂದು ಅಮೆರಿಕದ ವರ್ಜೀನಿಯಾದಲ್ಲಿ ಅಮೆಜಾನ್ ಸಂಸ್ಥೆಯ ಶೇಖರಣಾ ಸರ್ವರುಗಳಿಗೆ ಆದದ್ದು ಇದೇ. ಅಂಕಿಅಂಶ ಸಂಗ್ರಹಿಸುವ ಒಂದು ಯಂತ್ರ ಹಿಂದಿನ ವಾರ ಕೆಟ್ಟು, ಬದಲಿ ಯಂತ್ರ ಬಂದಿತು. ಹೊಸ ವಿಳಾಸವು ಮಾತ್ರ ಎಲ್ಲ ಡಿಎನ್‌ಎಸ್ ಸರ್ವರುಗಳಿಗೂ ತಲಪಲಿಲ್ಲ. ಕೆಲವು ಶೇಖರಣಾ ಸರ್ವರುಗಳು ಇಲ್ಲದ ಯಂತ್ರವನ್ನೇ ಮತ್ತೆ ಮತ್ತೆ ಕರೆಯುತ್ತ, ಆ ವ್ಯರ್ಥ ಪ್ರಯತ್ನದಲ್ಲಿ ಮೆಮೊರಿಯನ್ನು ಕಳೆದುಕೊಂಡವು. ಸಂಗ್ರಹವಾಗುತ್ತಿದ್ದ ಅಂಕಿಅಂಶ ಅಷ್ಟೇನೂ ಮುಖ್ಯವಲ್ಲದ್ದರಿಂದ, ಅದು ಬಾರದಿದ್ದುದಕ್ಕೆ ಎಚ್ಚರಿಕೆಯ ಗಂಟೆಯೂ ಬಾರಿಸಲಿಲ್ಲ.

ಯಂತ್ರವನ್ನು ಆರಿಸಿ ಹಚ್ಚಿದರೆ ಮೆಮೊರಿ ಮರಳಿ ದೊರೆಯುವುದು ನಿಜ. ಅಪಾಚೆ ಸರ್ವರಿನಲ್ಲಿ, ಇಂತಿಷ್ಟು ಸಂಪರ್ಕಗಳನ್ನು ನಿರ್ವಹಿಸಿದ ಮೇಲೆ ಒಂದೊಂದು ಉಪಪ್ರಕ್ರಿಯೆಯನ್ನೂ ನಿವೃತ್ತಿಗೊಳಿಸಲು ಅವಕಾಶವೇ ಇದೆ. ಇದನ್ನು ಹೀನವೆಂದು ಜರಿಯಬೇಕಾಗಿಲ್ಲ, ಸೇವೆ ನಿಲ್ಲಬಾರದಲ್ಲವೆ? ಆದರೆ ಸಾಕ್ಷ್ಯವನ್ನು ಉಳಿಸಿಕೊಳ್ಳದೆ ಹೀಗೆ ಮಾಡುವುದು, ಅಚ್ಚು ತೆಗೆದುಕೊಳ್ಳದೆ ಶಾಸನದ ಮೇಲೆ ಸುಣ್ಣ ಬಳಿದಂತೆ. ಆರಿಸುವ ಮುನ್ನ ಮೆಮೊರಿಯ ಚಿತ್ರವನ್ನು ತೆಗೆದಿಟ್ಟು, ಆರಿಸಿದ ದಿನ ಮತ್ತು ವೇಳೆಯನ್ನು ಬರೆದಿಟ್ಟಿದ್ದರೆ, ಹುಡುಕುವ ಕೆಲಸವನ್ನು ಮರುದಿನ ನಿಧಾನವಾಗಿ ಮುಂದುವರಿಸಬಹುದು.